ಬಿಡಾರದ ಬಾಡಿಗೆ

ಕಳೆದ ವರ್ಷ ಒಂದು ವಿಮಾ ಕಂಪನಿಯ ಮನೆ ಪಾಲಿಸಿಯನ್ನು ಕನ್ನಡಕ್ಕೆ ತರುವ ಕೆಲಸ ಬಂತು. ಇಪ್ಪತ್ತೆಂಟು ಪುಟ. ಪದಕ್ಕಿಷ್ಟು ಎಂದು ದುಡ್ಡು ಕೊಡುವ ಕೆಲಸವಾದ್ದರಿಂದ ನಾನು ಸಾಮಾನ್ಯವಾಗಿ ಎಲ್ಲೂ ನಿಂತು ಯೋಚಿಸುವುದಿಲ್ಲ. ಬೆಂಕಿ, ಸಿಡಿಲು, ಭೂಕಂಪ, ಪ್ರವಾಹ, ಗಲಭೆ ಎಲ್ಲಕ್ಕೂ ಕನ್ನಡ ಸಲೀಸಾಗಿ ಬಂತು. ಹದಿನೊಂದನೇ ಪುಟದಲ್ಲಿ ಒಂದು ಸಾಲಿಗೆ ಬಂದು ನಿಂತೆ. ಹಾನಿಯಾದ ಮನೆ ವಾಸಕ್ಕೆ ಯೋಗ್ಯವಲ್ಲದಿರುವಷ್ಟು ಕಾಲ ಬೇರೆ ಕಡೆ ಇರಲು ತಗಲುವ ಬಾಡಿಗೆಯನ್ನು ಕಂಪನಿ ಕೊಡುತ್ತದೆ ಎಂಬ ಸಾಲು ಅದು. ಸರ್ಕಾರಿ ಕನ್ನಡದಲ್ಲಿ ಇದಕ್ಕೆ 'ಪರ್ಯಾಯ ವಸತಿ' ಎನ್ನುತ್ತಾರೆ. ಬರೆದೆ, ಅಳಿಸಿದೆ, ಮತ್ತೆ ಬರೆದೆ. ಸಮಸ್ಯೆ ಪದದ್ದಲ್ಲ ಎಂದು ಆಮೇಲೆ ಹೊಳೆಯಿತು. ಅಂಥ ಹದಿನಾಲ್ಕು ತಿಂಗಳನ್ನು ನಾನೇ ಕಳೆದಿದ್ದೆ. ಅದನ್ನು ನಮ್ಮ ಮನೆಯಲ್ಲಿ ಯಾರೂ ಪರ್ಯಾಯ ವಸತಿ ಎಂದು ಕರೆದಿರಲಿಲ್ಲ.

ಮುಂಬೈಯ ಮಧ್ಯ ರೈಲ್ವೆ ಮಾರ್ಗದ ಒಂದು ಉಪನಗರದಲ್ಲಿ ಅಪ್ಪ ಬ್ಯಾಂಕ್ ಸಾಲ ಮಾಡಿ ತೆಗೆದುಕೊಂಡ ಫ್ಲ್ಯಾಟ್ ನಮ್ಮದು. ಮೂವತ್ತು ದಾಟಿದ ಕಟ್ಟಡ. ಒಂದು ಮಳೆಗಾಲದಲ್ಲಿ ನೆರೆಯವರ ಅಡುಗೆಮನೆಯ ಸ್ಲ್ಯಾಬಿನ ತುಂಡು ಕಳಚಿ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಎಂಟು ದಿನದಲ್ಲಿ ಪಾಲಿಕೆಯವರು ಗೇಟಿಗೆ ನೋಟಿಸ್ ಅಂಟಿಸಿದರು, ಕಟ್ಟಡ ಖಾಲಿ ಮಾಡಿ ದುರಸ್ತಿ ಮಾಡಿಸಿ ಎಂದು. ಮೊದಲ ಎರಡು ತಿಂಗಳು ಅತ್ತೆಯ ಮನೆ, ಆಮೇಲೆ ಹನ್ನೆರಡು ತಿಂಗಳು ಬಾಡಿಗೆ ಮನೆ. ಟೆಂಪೊದಲ್ಲಿ ಸಾಮಾನು ಹೇರುವಾಗ ಕೆಳಮನೆಯವರು 'ಮನೆ ಬಿಟ್ಟಿರಾ' ಎಂದು ಕೇಳಿದ್ದಕ್ಕೆ ನಾನು ಹೂಂ ಎಂದೆ. ಅವ್ವ ನನ್ನನ್ನು ತಿದ್ದಿದಳು: "ಬಿಡಾರ ಕಿತ್ತೀವಿ ಅನ್ನು. ಮನಿ ಬಿಟ್ಟೀವಿ ಅನಬ್ಯಾಡ."

ಬಿಡಾರ. ಪ್ರಯಾಣದ ನಡುವೆ ಇಳಿದುಕೊಳ್ಳುವ ಜಾಗ. ಬಿಡಾರವನ್ನು ಹೂಡುತ್ತಾರೆ, ಕೀಳುತ್ತಾರೆ, ಕಟ್ಟಿಸುವುದಿಲ್ಲ. ಮರಾಠಿಯ 'ಬಿಢಾರ್' ಕೂಡ ಇದರ ನೆಂಟ. ಪಾಲಿಸಿಯ ಆ ಸಾಲು ಹೇಳುತ್ತಿದ್ದದ್ದು ಬಿಡಾರದ ಬಾಡಿಗೆಯ ಬಗ್ಗೆ. ಮನೆ ಹಾಳಾದಾಗ ನಷ್ಟ ಎರಡು ಬಗೆಯದು: ಗೋಡೆಯದು ಒಂದು, ಗೋಡೆ ಮತ್ತೆ ಏಳುವವರೆಗಿನ ದಿನಗಳದು ಇನ್ನೊಂದು. ಗೋಡೆಯ ಲೆಕ್ಕ ಇಡಲು ಮನುಷ್ಯರು ಬೇಗ ಕಲಿತರು. ದಿನಗಳ ಲೆಕ್ಕವನ್ನು ಯಾರ ಖಾತೆಗೆ ಬರೆಯಬೇಕು ಎಂಬುದು ಇನ್ನೂ ಪೂರ್ತಿ ತೀರ್ಮಾನವಾದಂತಿಲ್ಲ. ಈ ಪ್ರಶ್ನೆ ಒಂದು ಇಡೀ ನಗರದ ಮುಂದೆ ಒಟ್ಟಿಗೇ ಬಂದು ನಿಂತ ಹಳೆಯ ಸಂದರ್ಭ ಲಂಡನ್ನಿನದು. ಮೊದಲು ಅಲ್ಲಿಗೆ ಹೋಗೋಣ.

1666ರ ಸೆಪ್ಟೆಂಬರ್ 2ರ ನಸುಕಿನಲ್ಲಿ ಪುಡಿಂಗ್ ಲೇನ್ ಎಂಬ ಓಣಿಯ ಬೇಕರಿಯಲ್ಲಿ ಹೊತ್ತಿದ ಬೆಂಕಿ ನಾಲ್ಕೈದು ದಿನ ಉರಿಯಿತು. 13,200 ಮನೆ, 87 ಚರ್ಚು ಬೂದಿಯಾದವು. ಜನ ಊರಾಚೆಯ ಮೂರ್‌ಫೀಲ್ಡ್ಸ್ ಬಯಲಲ್ಲಿ, ಇಸ್ಲಿಂಗ್ಟನ್, ಹೈಗೇಟ್ ಕಡೆಯ ಹೊಲಗಳಲ್ಲಿ ಡೇರೆ, ಗುಡಿಸಲು ಹಾಕಿಕೊಂಡು ಕೂತರು. ಸುತ್ತಲಿನ ಊರುಗಳು ಈ ನಿರಾಶ್ರಿತರನ್ನು ಸೇರಿಸಿಕೊಳ್ಳಬೇಕು, ಅವರವರ ಕಸುಬು ಮಾಡಿಕೊಳ್ಳಲು ಬಿಡಬೇಕು ಎಂದು ದೊರೆ ಎರಡನೇ ಚಾರ್ಲ್ಸ್ ಆಜ್ಞೆ ಹೊರಡಿಸಿದ. ಇದು ದಯೆ ಅನಿಸಬಹುದು. ಬಯಲಲ್ಲಿ ಕೂತ ಕೋಪಗೊಂಡ ಜನರ ಬಗ್ಗೆ ಅರಮನೆಗೆ ಅಳುಕೂ ಇತ್ತು.

ಸ್ಯಾಮ್ಯುಯಲ್ ಪೀಪ್ಸ್ ಎಂಬ ನೌಕಾಪಡೆಯ ಅಧಿಕಾರಿಯ ದಿನಚರಿ ಈ ಬೆಂಕಿಯ ಪ್ರಸಿದ್ಧ ದಾಖಲೆ. ಆತ ತನ್ನ ಪಾರ್ಮೆಸನ್ ಚೀಸನ್ನು ಹಿತ್ತಲಲ್ಲಿ ಹೂತಿಟ್ಟದ್ದನ್ನು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯವೆನಿಸಿದ್ದು ಬೆಂಕಿ ಇನ್ನೇನು ಆರುತ್ತಿದ್ದ ಸೆಪ್ಟೆಂಬರ್ 7ರಂದು ಆತ ಬರೆದುಕೊಂಡ ಒಂದು ಸಂಗತಿ. ವರ್ಷಕ್ಕೆ 40 ಪೌಂಡಿಗೆ ಹೋಗುತ್ತಿದ್ದ ಪರಿಚಯಸ್ಥರ ಮನೆಗೆ ಈಗ 150 ಪೌಂಡ್ ಸಿಗುತ್ತಿದೆಯಂತೆ. ಬೂದಿ ತಣ್ಣಗಾಗುವ ಮೊದಲೇ ಬಾಡಿಗೆ ಮೂರೂಮುಕ್ಕಾಲು ಪಟ್ಟು ಏರಿತ್ತು. ಮುಂಬೈಯಲ್ಲೋ ಪುಣೆಯಲ್ಲೋ ಒಂದು ಸೊಸೈಟಿ ಇಡಿಯಾಗಿ ರೀಡೆವಲಪ್‌ಮೆಂಟಿಗೆ ಹೋದಾಗ ಅದೇ ಗಲ್ಲಿಯ ಬಾಡಿಗೆ ಏನಾಗುತ್ತದೆ ಎಂದು ಕಂಡವರಿಗೆ ಇದು ಹೊಸ ಸುದ್ದಿಯಲ್ಲ.

ಹೊಸ ಬಾಡಿಗೆಯ ಕಥೆ ಇದಾದರೆ ಹಳೆಯ ಬಾಡಿಗೆಯದು ಇನ್ನೂ ವಿಚಿತ್ರ. ಲಂಡನ್ನಿನ ಬಹುಪಾಲು ಜನ ಬಾಡಿಗೆದಾರರು ಅಥವಾ ಗುತ್ತಿಗೆದಾರರು. ಬಾಡಿಗೆ ಮೂರು ತಿಂಗಳಿಗೊಮ್ಮೆ; ಮುಂದಿನ ಕಂತಿನ ದಿನ ಸೆಪ್ಟೆಂಬರ್ 29. ಬೆಂಕಿ ಆರಿ ಮೂರೇ ವಾರ ಆಗಿರುತ್ತದೆ, ಮನೆ ಇಲ್ಲ, ಬಾಡಿಗೆ ಬಾಕಿ. ಕೊಡಬೇಕೇ? ಕಾನೂನಿನ ಪ್ರಕಾರ ಕೊಡಬೇಕು. ಹತ್ತೊಂಬತ್ತು ವರ್ಷ ಹಿಂದೆ, 1647ರಲ್ಲಿ, ಪ್ಯಾರಡೈನ್ ಮತ್ತು ಜೇನ್ ಎಂಬವರ ನಡುವಿನ ಮೊಕದ್ದಮೆಯಲ್ಲಿ ಇದು ನಿರ್ಣಯವಾಗಿತ್ತು. ಅಂತರ್ಯುದ್ಧದ ಕಾಲದಲ್ಲಿ ರಾಜಕುಮಾರ ರೂಪರ್ಟನ ಸೈನ್ಯ ಗೇಣಿದಾರನನ್ನು ಜಮೀನಿನಿಂದ ಓಡಿಸಿತ್ತು. ಅನುಭವಿಸದ ಜಮೀನಿಗೆ ಗೇಣಿ ಹೇಗೆ ಕೊಡಲಿ ಎಂದು ಆತ ಕೇಳಿದ. ನೀನು ಕರಾರು ಮಾಡಿಕೊಂಡಿದ್ದೀಯ, ಸೈನ್ಯ ಬಂದರೆ ಬಿಡುಗಡೆ ಎಂದು ಅದರಲ್ಲಿ ಬರೆಸಿಕೊಂಡಿಲ್ಲ, ಕೊಡು ಎಂದಿತು ಕೋರ್ಟು. ಅದರ ಮೇಲೆ ಗುತ್ತಿಗೆ ಪತ್ರಗಳಲ್ಲಿ ಮನೆಯನ್ನು ಸುಸ್ಥಿತಿಯಲ್ಲಿಡುವ ಹೊಣೆ ಬಾಡಿಗೆದಾರನದೇ ಎಂಬ ಷರತ್ತು ಇರುತ್ತಿತ್ತು. ಅಂದರೆ ಡೇರೆಯಲ್ಲಿ ಮಲಗಿದ ಒಬ್ಬ ದರ್ಜಿ ಮೂರು ಕಡೆ ದುಡ್ಡು ತೆರಬೇಕು: ಸುಟ್ಟ ಮನೆಯ ಬಾಡಿಗೆ, ಅದನ್ನು ಮತ್ತೆ ಕಟ್ಟುವ ಖರ್ಚು, ಈಗ ತಲೆ ಮರೆಸಿಕೊಂಡಿರುವ ಸೂರಿನ ಬಾಡಿಗೆ.

ಕಾನೂನನ್ನು ಅಕ್ಷರಶಃ ನಡೆಸಿದರೆ ನಗರ ಮತ್ತೆ ಏಳುವುದಿಲ್ಲ ಎಂದು ಪಾರ್ಲಿಮೆಂಟಿಗೆ ಅರ್ಥವಾಯಿತು. 1667ರ ಫೆಬ್ರುವರಿಯಲ್ಲಿ ಒಂದು ವಿಶೇಷ ಕಾಯ್ದೆ ಬಂತು; ಅದರಿಂದ ಹುಟ್ಟಿದ್ದು 'ಫೈರ್ ಕೋರ್ಟ್', ಬೆಂಕಿಯ ನ್ಯಾಯಾಲಯ. ದೇಶದ ಅತ್ಯುನ್ನತ ನ್ಯಾಯಾಧೀಶರಲ್ಲಿ ಯಾರಾದರೂ ಮೂವರು ಕೂತರೆ ಸಾಕು. ಕ್ಲಿಫರ್ಡ್ಸ್ ಇನ್ ಎಂಬ ಕಟ್ಟಡದ ಹಜಾರದಲ್ಲಿ ಅವರು ಸಂಬಳವಿಲ್ಲದೆ ಕೂತರು. ಕೋರ್ಟಿನ ರೂಢಿಯ ವಿಧಿವಿಧಾನಗಳನ್ನು ಬದಿಗಿಟ್ಟು ಚುಟುಕಾಗಿ ವಿಚಾರಿಸುವ ಅಧಿಕಾರ ಅವರಿಗಿತ್ತು. ಇತಿಹಾಸದಲ್ಲಿ ನನಗೆ ಮೆಚ್ಚಿಗೆಯಾದ ಕೋರ್ಟುಗಳು ಕಡಿಮೆ, ಇದು ಅವುಗಳಲ್ಲೊಂದು.

ಅವರು ಕೇಳುತ್ತಿದ್ದ ಪ್ರಶ್ನೆ ಸರಳ: ನಿಮ್ಮಿಬ್ಬರಲ್ಲಿ ಕಟ್ಟುವವರು ಯಾರು? ಬಾಡಿಗೆದಾರ ಕಟ್ಟುತ್ತೇನೆಂದರೆ ಬೆಂಕಿಯಾದ ದಿನದಿಂದ ಬಾಡಿಗೆ ಪೂರ್ತಿಯಾಗಿಯೋ ಭಾಗಶಃವೋ ಮನ್ನಾ, ಕಟ್ಟಿದ ಮೇಲೂ ಕಡಿಮೆ ಬಾಡಿಗೆ, ಗುತ್ತಿಗೆಯ ಅವಧಿಗೆ ನಲವತ್ತು ವರ್ಷದವರೆಗೆ ಸೇರ್ಪಡೆ. ಅವನ ಕೈಲಾಗದಿದ್ದರೆ ಗುತ್ತಿಗೆ ರದ್ದು, ಮಾಲೀಕ ಕಟ್ಟಲಿ. ಇಬ್ಬರೂ ಸುಮ್ಮನೆ ಕೂತರೆ? ಮೂರು ವರ್ಷದಲ್ಲಿ ಕಟ್ಟದ ನಿವೇಶನವನ್ನು ನೋಟಿಸ್ ಕೊಟ್ಟು ಮಾರುವ ಅಧಿಕಾರವನ್ನು ಇನ್ನೊಂದು ಕಾಯ್ದೆ ನಗರಕ್ಕೆ ಕೊಟ್ಟಿತ್ತು. ಸುಮಾರು ಒಂದೂವರೆ ಸಾವಿರ ವ್ಯಾಜ್ಯಗಳು ಹೀಗೆ ತೀರಿದವು. ನಗರಕ್ಕೆ ಎಷ್ಟು ಸಂತೋಷವಾಯಿತೆಂದರೆ 22 ನ್ಯಾಯಾಧೀಶರ ಆಳೆತ್ತರದ ಚಿತ್ರ ಬರೆಸಿ ಗಿಲ್ಡ್‌ಹಾಲಿನಲ್ಲಿ ತೂಗುಹಾಕಿದರು.

ಈ ನ್ಯಾಯಾಧೀಶರು ಬಿಡಾರದ ದಿನಗಳಿಗೆ ಯಾರಿಗೂ ಒಂದು ಪೆನ್ನಿ ನಗದು ಕೊಡಿಸಲಿಲ್ಲ ಎಂಬುದು ನಿಜ. ಆದರೆ ಆ ದಿನಗಳಿಗೆ ಬೆಲೆಯಿದೆ, ಅದನ್ನು ಒಬ್ಬರ ತಲೆಗೇ ಕಟ್ಟಬಾರದು ಎಂದು ಮೊದಲ ಸಲ ಲೆಕ್ಕ ಹಾಕಿದರು. ಕಾಯುವುದರಲ್ಲಿ ಮಾಲೀಕನಿಗೂ ನಷ್ಟವಾಗುವಂತೆ ಮಾಡಿದ್ದರಿಂದ ಮಾಲೀಕನೂ ಅವಸರ ಮಾಡಿದ. ಈ ಅಂಶವನ್ನು ನೆನಪಿನಲ್ಲಿಡಿ. ಮುಂಬೈಗೆ ಬಂದಾಗ ಬೇಕಾಗುತ್ತದೆ.

ವಿಮೆ ಬಂದದ್ದು ಇದರ ಬೆನ್ನಿಗೇ. ನಿಕೋಲಸ್ ಬಾರ್ಬನ್ ಎಂಬಾತ ವೈದ್ಯಕೀಯ ಓದಿ, ಅದನ್ನು ಬಿಟ್ಟು ಬಿಲ್ಡರ್ ಆದವನು. (ಅವನ ತಂದೆ ಕಟ್ಟಾ ಪ್ಯೂರಿಟನ್, 'ಯೇಸು ನಿನಗಾಗಿ ಸಾಯದಿದ್ದರೆ ನೀನು ನರಕಕ್ಕೆ ಬೀಳುತ್ತಿದ್ದೆ' ಎಂಬ ಇಡೀ ವಾಕ್ಯವನ್ನೇ ಮಗನಿಗೆ ಹೆಸರಾಗಿ ಇಟ್ಟಿದ್ದನೆಂದು ಹೇಳುತ್ತಾರೆ. ಆ ಹೆಸರನ್ನು ಅನುವಾದಿಸುವ ಕೆಲಸ ಬಂದರೆ ಪದಕ್ಕಿಷ್ಟು ಎಂದೇ ದುಡ್ಡು ಕೇಳಬೇಕು.) 1680ರ ಸುಮಾರಿಗೆ ಆತ ಮನೆಗಳಿಗೆ ಬೆಂಕಿ ವಿಮೆ ಮಾಡುವ ಕಚೇರಿ ತೆರೆದ. ಇಟ್ಟಿಗೆ ಮನೆಯಾದರೆ ವಾರ್ಷಿಕ ಬಾಡಿಗೆಯ ನೂರಕ್ಕೆ ಎರಡೂವರೆ, ಮರದ ಮನೆಯಾದರೆ ನೂರಕ್ಕೆ ಐದು ಪ್ರೀಮಿಯಂ. ಅಳತೆಗೋಲು ಬಾಡಿಗೆಯದು, ಆದರೆ ಪರಿಹಾರ ಮಾತ್ರ ಗೋಡೆಗೆ: ಸುಟ್ಟರೆ ಕಚೇರಿ ದುಡ್ಡು ಕೊಡುತ್ತದೆ ಇಲ್ಲವೇ ಕಟ್ಟಿಸುತ್ತದೆ. ಕಟ್ಟಿ ಮುಗಿಯುವವರೆಗೆ ನೀವು ಎಲ್ಲಿರುತ್ತೀರಿ ಎಂದು ಬಾರ್ಬನ್ ಕೇಳಲಿಲ್ಲ. ಬಿಲ್ಡರಲ್ಲವೇ.

ಮುಂದಿನ ಇನ್ನೂರೈವತ್ತು ವರ್ಷ ಬೆಂಕಿ ವಿಮೆ ಹೆಚ್ಚು ಕಡಿಮೆ ಇದೇ ಜಾಡಿನಲ್ಲಿ ನಡೆಯಿತು. ನೇರ ನಷ್ಟ, ಪರೋಕ್ಷ ನಷ್ಟ ಎಂಬ ಗೆರೆ ಎಳೆಯಲಾಯಿತು. ಉರಿದ ತೊಲೆ ನೇರ. ಆ ತೊಲೆಯಿಲ್ಲದ ದಿನಗಳು ಪರೋಕ್ಷ. ತೊಲೆಯನ್ನು ಅಳೆಯಬಹುದು, ದಿನಗಳನ್ನು ಜನ ಬೇಕೆಂದೇ ಎಳೆದಾರು ಎಂಬುದು ಕಂಪನಿಗಳ ಅಂಜಿಕೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಮೊದಲು ವಿನಾಯಿತಿ ಸಿಕ್ಕಿದ್ದು ಮನೆ ಬಾಡಿಗೆಗೆ ಕೊಟ್ಟ ಮಾಲೀಕರಿಗೆ: ಸುಟ್ಟ ಮನೆಯಿಂದ ತಪ್ಪಿಹೋದ ಬಾಡಿಗೆ ಆದಾಯಕ್ಕೆ ವಿಮೆ. ಬಾಡಿಗೆ ಬರುವವನ ನಷ್ಟ ಲೆಕ್ಕಪುಸ್ತಕದಲ್ಲಿ ಕಾಣುತ್ತದೆ, ಚಾಪೆ ಸುತ್ತಿಕೊಂಡು ನೆಂಟರ ಮನೆಗೆ ಹೋದವನ ನಷ್ಟ ಕಾಣುವುದಿಲ್ಲ.

ಅದು ಕಾಣಿಸಿಕೊಂಡದ್ದು ಅಮೆರಿಕದಲ್ಲಿ, ಎರಡನೇ ಮಹಾಯುದ್ಧದ ನಂತರ, ಸಾಲ ಮಾಡಿ ಸ್ವಂತ ಮನೆ ಕೊಂಡ ಮಧ್ಯಮ ವರ್ಗ ದೊಡ್ಡದಾದಾಗ. 1950ರಲ್ಲಿ ಇನ್ಶೂರೆನ್ಸ್ ಕಂಪನಿ ಆಫ್ ನಾರ್ತ್ ಅಮೆರಿಕ ಬೆಂಕಿ, ಕಳವು, ಹೊಣೆಗಾರಿಕೆ ಎಲ್ಲವನ್ನೂ ಒಂದೇ ಕಟ್ಟಿನಲ್ಲಿ ಸೇರಿಸಿದ ಮನೆ ಪಾಲಿಸಿ ತಂದಿತು. ಇಂಥ ಸಂಯುಕ್ತ ಪಾಲಿಸಿಗಳಲ್ಲೇ 'ಹೆಚ್ಚುವರಿ ಜೀವನ ವೆಚ್ಚ' ಎಂಬುದು ಮಾಮೂಲಿ ಭಾಗವಾಯಿತು. ಇಲ್ಲಿ 'ಹೆಚ್ಚುವರಿ' ಎಂಬ ಮಾತಿನ ಮೇಲೆ ಎಲ್ಲ ನಿಂತಿದೆ. ಮನೆಯಲ್ಲಿದ್ದಾಗ ನಿಮ್ಮ ಊಟಕ್ಕೆ ತಿಂಗಳಿಗೆ ಹನ್ನೆರಡು ಸಾವಿರ ಆಗುತ್ತಿತ್ತು, ಹೋಟೆಲಿನಲ್ಲಿ ಇಪ್ಪತ್ತು ಸಾವಿರ ಆಯಿತು ಎಂದುಕೊಳ್ಳಿ. ಸಿಗುವುದು ಎಂಟು ಸಾವಿರ. ಮಗಳ ಶಾಲೆ ದೂರವಾಯಿತು, ಆಟೊ ಖರ್ಚು ಹೆಚ್ಚಿತು, ಹೆಚ್ಚಿದಷ್ಟು ಸಿಗುತ್ತದೆ. ಮನೆ ಸಾಲದ ಕಂತು ಸಿಗುವುದಿಲ್ಲ, ಅದು ಮೊದಲೂ ಇತ್ತು. ರಸೀದಿ ಇಟ್ಟವರಿಗೆ ಸಿಗುತ್ತದೆ, ಇಡದವರಿಗೆ ಜಗಳ ಸಿಗುತ್ತದೆ. ಅಲ್ಲಿ ಈಗಲೂ ಕಾಳ್ಗಿಚ್ಚು, ಚಂಡಮಾರುತಗಳ ನಂತರ ಜನ ಮತ್ತು ಕಂಪನಿಗಳ ನಡುವಿನ ಕಿತ್ತಾಟದಲ್ಲಿ ದೊಡ್ಡ ಪಾಲು ಇದರದೇ.

ನಮ್ಮ ದೇಶದ ದಾರಿ ಬೇರೆ. ಇಂಗ್ಲೆಂಡಿನ ಕಾನೂನನ್ನು ಇಲ್ಲಿಗೆ ತಂದವರು ಒಂದು ಕಡೆ ಮಾತ್ರ ಅದನ್ನು ತಿರುಗಿಸಿಬಿಟ್ಟರು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನಲ್ಲಿ ಒಂದು ಉಪವಾಕ್ಯವಿದೆ. ಬೆಂಕಿ, ಬಿರುಗಾಳಿ, ಪ್ರವಾಹದಿಂದ ಅಥವಾ ಸೈನ್ಯದ, ದೊಂಬಿಯ ಹಿಂಸೆಯಿಂದ ಆಸ್ತಿಯ ಮುಖ್ಯ ಭಾಗ ನಾಶವಾದರೆ ಗುತ್ತಿಗೆಯನ್ನು ರದ್ದುಮಾಡುವ ಆಯ್ಕೆ ಗುತ್ತಿಗೆದಾರನದು. 'ಸೈನ್ಯ' ಎಂಬ ಪದ ಅಲ್ಲಿ ಕಂಡಾಗ ನನಗೆ ರೂಪರ್ಟನ ಕುದುರೆಗಳು ಕಣ್ಮುಂದೆ ಬಂದವು. 

ಆದರೆ ಮುಂಬೈಯ ಬಾಡಿಗೆದಾರನಿಗೆ ಆ ಬಿಡುಗಡೆ ಬೇಕಿರಲಿಲ್ಲ. ಅವನಿಗೆ ಬೇಕಾದದ್ದು ಉಳಿಯುವ ಹಕ್ಕು. ಅದಕ್ಕೆ ಕಾರಣ ಬಾಡಿಗೆ ನಿಯಂತ್ರಣ. 1947ರ ಬಾಂಬೆ ರೆಂಟ್ ಆಕ್ಟ್ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರ ಮಟ್ಟಕ್ಕೆ ಕಟ್ಟಿಹಾಕಿತು. ಕೋಣೆ ಕೈಗೆ ಬರಬೇಕಾದರೆ ಪಗಡಿ ಎಂದು ದೊಡ್ಡ ಮೊತ್ತ ಕೊಡಬೇಕು, ಆಮೇಲೆ ತಿಂಗಳ ಬಾಡಿಗೆ ಹತ್ತಿಪ್ಪತ್ತು ರೂಪಾಯಿ. ಪಗಡಿ ಕೊಟ್ಟವನಿಗೆ ಅದು ಬಾಡಿಗೆ ಮನೆಯಲ್ಲ, ಅರ್ಧ ಸ್ವಂತದ್ದು. ಅತ್ತ ಮಾಲೀಕನಿಗೆ ಆ ಬಾಡಿಗೆಯಲ್ಲಿ ಸುಣ್ಣ ಹೊಡೆಸಲೂ ಗಿಟ್ಟದು. ಮರದ ತೊಲೆಯ ಚಾಳುಗಳು ಸಮುದ್ರದ ಗಾಳಿಗೆ ಕೊಳೆಯತೊಡಗಿದವು. ಅರವತ್ತರ ದಶಕದ ಮಳೆಗಾಲಗಳಲ್ಲಿ ಕಟ್ಟಡಗಳು ಬೀಳತೊಡಗಿದವು.

ಅದಕ್ಕೂ ಮೊದಲು ಒಮ್ಮೆ ಈ ನಗರ ದಿಢೀರನೆ ಮನೆ ಕಳೆದುಕೊಂಡಿತ್ತು. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕಿನಲ್ಲಿ ಹತ್ತಿಮೂಟೆ, ಸಿಡಿಮದ್ದು, ಚಿನ್ನದ ಗಟ್ಟಿಗಳನ್ನು ಒಟ್ಟಿಗೆ ಹೇರಿಕೊಂಡಿದ್ದ 'ಫೋರ್ಟ್ ಸ್ಟಿಕಿನ್' ಎಂಬ ಹಡಗು ಸಿಡಿದು ಮಸೀದಿ ಬಂದರ್ ಸುತ್ತಲಿನ ಗೋದಾಮು, ಚಾಳುಗಳು ಹೊತ್ತಿಕೊಂಡವು. ಬೆಂಕಿ ಪಾಲಿಸಿಗಳಲ್ಲಿ ಸ್ಫೋಟದ ಹಾನಿ ಸೇರಿರಲಿಲ್ಲ. ಕಡೆಗೆ ಸರ್ಕಾರವೇ ವಿಶೇಷ ಸುಗ್ರೀವಾಜ್ಞೆ ತಂದು ಆಸ್ತಿ ನಷ್ಟಕ್ಕೆ ಪರಿಹಾರ ಕೊಟ್ಟಿತು. ಆಸ್ತಿ ನಷ್ಟಕ್ಕೆ ಎಂಬುದನ್ನು ಗಮನಿಸಿ. ತೋರಿಸಲು ಆಸ್ತಿಯೇ ಇಲ್ಲದ, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಅದೇ ಬೆಂಚಿನ ಮೇಲೆ ಮಲಗುವ ಹುಡುಗರಿಗೆ ಮನೆ ಹೋಯಿತು ಎಂದು ಅರ್ಜಿ ಬರೆಯಲು ಬರುವಂತಿರಲಿಲ್ಲ. ಆ ಕಾಲದ ಮುಂಬೈಯಲ್ಲಿ ಹಾಗೆ ಮಲಗುತ್ತಿದ್ದವರಲ್ಲಿ ನಮ್ಮ ಕರಾವಳಿಯವರು ಎಷ್ಟೋ ಮಂದಿ.

ಮತ್ತೆ ಚಾಳುಗಳಿಗೆ ಬರೋಣ. 1968ರಲ್ಲಿ ಬೇಡೇಕರ್ ಸಮಿತಿ ನೇಮಕವಾಯಿತು. ಮರುವರ್ಷ ಕಟ್ಟಡ ದುರಸ್ತಿ ಮತ್ತು ಪುನರ್ನಿರ್ಮಾಣ ಮಂಡಳಿಯ ಕಾಯ್ದೆ ಬಂತು. ಕೊಲಾಬಾದಿಂದ ಮಾಹಿಮ್, ಸಯನ್‌ವರೆಗಿನ ದ್ವೀಪ ನಗರದಲ್ಲಿ 1969ರ ಸೆಪ್ಟೆಂಬರ್ 30ರ ಮೊದಲು ಕಟ್ಟಿದ 19,642 ಬಾಡಿಗೆ ಕಟ್ಟಡಗಳ ಮೇಲೆ ಸೆಸ್ ಹಾಕಲಾಯಿತು. ಅದಕ್ಕೇ ಅವು ಇವತ್ತಿಗೂ 'ಸೆಸ್ ಬಿಲ್ಡಿಂಗ್'. ಸೆಸ್ಸಿನ ಹೆಚ್ಚಿನ ಭಾರ ಬಾಡಿಗೆದಾರರದೇ. ಪ್ರತಿಯಾಗಿ ಮಂಡಳಿ ದುರಸ್ತಿ ಮಾಡುತ್ತದೆ, ದುರಸ್ತಿ ಮೀರಿದ್ದರೆ ಕೆಡವಿ ಹೊಸದು ಕಟ್ಟುತ್ತದೆ, ಅಲ್ಲಿಯವರೆಗೆ ಇರಲು ಟ್ರಾನ್ಸಿಟ್ ಕ್ಯಾಂಪಿನಲ್ಲಿ ಕೋಣೆ ಕೊಡುತ್ತದೆ.

ಇದು ಏನು ಎಂದು ಸ್ವಲ್ಪ ಯೋಚಿಸಿ. ಎಲ್ಲರಿಂದ ವರ್ಷವರ್ಷ ಸಣ್ಣ ಮೊತ್ತ ಎತ್ತುವುದು, ಕೆಲವರ ಮನೆ ಬಿದ್ದಾಗ ಆ ಗಂಟಿನಿಂದ ಕಟ್ಟಿಕೊಡುವುದು, ನಡುವಿನ ದಿನಗಳಿಗೆ ಸೂರು ಕೊಡುವುದು. ವಿಮೆ ಎಂಬ ಹೆಸರಿಲ್ಲದ, ಕಡ್ಡಾಯದ ಮನೆ ವಿಮೆ. ಅದೂ ಬೀಳುವ ಮೊದಲೇ ಖಾಲಿ ಮಾಡಿಸಿದರೂ ಅನ್ವಯಿಸುವಂಥದ್ದು, ಬಿಡಾರವನ್ನೂ ಒಳಗೊಂಡದ್ದು. ಖಾಸಗಿ ಕಂಪನಿಗಳಿಗಿಂತ ಎಷ್ಟೋ ವರ್ಷ ಮೊದಲು ಕಾಮಾಠಿಪುರ, ಗಿರಗಾಂವ್, ಲಾಲ್‌ಬಾಗಿನ ಕಾರ್ಮಿಕ ಕುಟುಂಬಗಳಿಗೆ ಸಿಕ್ಕಿತ್ತು. ಈ ಕಾಯ್ದೆಯನ್ನು ಬೈಯುವವರೇ ಹೆಚ್ಚು. ಆದರೆ ಕಾಗದದ ಮೇಲೆ ಇಷ್ಟು ಉದಾರವಾದ ಯೋಜನೆ ಬಾಡಿಗೆದಾರರಿಗಾಗಿ ಬೇರೆಲ್ಲೂ ಬಂದದ್ದು ನನ್ನ ಓದಿಗೆ ಸಿಕ್ಕಿಲ್ಲ.

ಕೆಟ್ಟದ್ದು ಎಲ್ಲಿ? ಸೆಸ್ಸಿನ ಗಂಟು ಅಷ್ಟು ಕಟ್ಟಡಗಳಿಗೆ ಸಾಲಲಿಲ್ಲ, ಇದು ಎಲ್ಲರಿಗೂ ಗೊತ್ತಿರುವ ಉತ್ತರ. ನನಗೆ ಕಾಣುವ ಇನ್ನೊಂದು ಕಾರಣ, ಕ್ಯಾಂಪಿನಲ್ಲಿ ಒಂದು ಕುಟುಂಬ ಎಷ್ಟು ವರ್ಷ ಕೂತರೂ ಯಾರಿಗೂ ನಷ್ಟವಾಗುವಂತಿರಲಿಲ್ಲ. ಲಂಡನ್ನಿನ ಮಾಲೀಕ ಬಾಡಿಗೆ ಬರದೆ ಒದ್ದಾಡಿದ. ಇಲ್ಲಿ ಮಾಲೀಕನಿಗೆ ಬರುತ್ತಿದ್ದದ್ದೇ ಹತ್ತು ರೂಪಾಯಿ, ಹೋದರೆ ಹೋಯಿತು. ಮಂಡಳಿಗೆ ಗಡುವಿಲ್ಲ. ಕೆಲವು ನಿವೇಶನಗಳು ರಸ್ತೆ ಅಗಲೀಕರಣಕ್ಕೆ ಹೋದವು, ಕೆಲವು ಮತ್ತೆ ಕಟ್ಟಲಾಗದಷ್ಟು ಚಿಕ್ಕವು. ಅಂಥ ಕಟ್ಟಡಗಳವರನ್ನು 'ಮಾಸ್ಟರ್ ಲಿಸ್ಟ್' ಎಂಬ ಪಟ್ಟಿಗೆ ಸೇರಿಸುತ್ತಾರೆ. ಅಜ್ಜನ ಹೆಸರು ಸೇರಿದ ಪಟ್ಟಿಯಲ್ಲಿ ಮೊಮ್ಮಗ ತನ್ನ ಸರದಿ ಹುಡುಕುತ್ತಾನೆ. ಸಯನ್ ಪಕ್ಕದಲ್ಲಿ ಟ್ರಾನ್ಸಿಟ್ ಕ್ಯಾಂಪುಗಳಿದ್ದ ಒಂದು ದೊಡ್ಡ ಬಡಾವಣೆಯಿದೆ, ಹೆಸರು ಪ್ರತೀಕ್ಷಾ ನಗರ. ಪ್ರತೀಕ್ಷೆ ಎಂದರೆ ಕಾಯುವುದು, ಮರಾಠಿಯಲ್ಲೂ ಕನ್ನಡದಲ್ಲೂ. ಇಷ್ಟು ಪ್ರಾಮಾಣಿಕವಾದ ಸ್ಥಳನಾಮವನ್ನು ನಾನು ಬೇರೆಲ್ಲೂ ಕಂಡಿಲ್ಲ. ಮಂಡಳಿ 1977ರಿಂದ ಮ್ಹಾಡಾದ ಭಾಗ. ಪ್ರತಿ ಮಳೆಗಾಲದ ಮೊದಲು ಅತಿ ಅಪಾಯಕಾರಿ ಕಟ್ಟಡಗಳ ಪಟ್ಟಿ ಪತ್ರಿಕೆಗಳಲ್ಲಿ ಬರುತ್ತದೆ. ಪಟ್ಟಿಯಲ್ಲಿ ಹೆಸರಿದ್ದರೂ ಜನ ಕದಲುವುದಿಲ್ಲ. ಮೂರ್ಖತನ ಎಂದು ಟಿವಿಯಲ್ಲಿ ಬೈಯುತ್ತಾರೆ. ಹೋದವರು ಮರಳಿ ಬಂದದ್ದನ್ನು ಕಾಣದ ಜನ ತಲೆಯ ಮೇಲಿನ ತೊಲೆಗಿಂತ ಟ್ರಾನ್ಸಿಟ್ ಕ್ಯಾಂಪಿಗೆ ಹೆಚ್ಚು ಅಂಜುತ್ತಾರೆ.

ಅವರ ಅಂಜಿಕೆಗೆ ಕಾನೂನಿನಲ್ಲೂ ಆಧಾರವಿತ್ತು. ಕಟ್ಟಡ ನಾಶವಾದರೆ ಬಾಡಿಗೆ ಹಕ್ಕೂ ಮುಗಿಯಿತು ಎಂದು ಸುಪ್ರೀಂ ಕೋರ್ಟ್ ಒಂದು ಅಂಗಡಿಯ ಪ್ರಕರಣದಲ್ಲಿ ಹೇಳಿತ್ತು. 2014ರಲ್ಲಿ ಮೂವರು ನ್ಯಾಯಾಧೀಶರ ಪೀಠ ಅದನ್ನು ತಳ್ಳಿಹಾಕಿತು: ಬಾಡಿಗೆ ಎಂದರೆ ಗೋಡೆಗಷ್ಟೇ ಅಲ್ಲ, ಕೆಳಗಿನ ನೆಲಕ್ಕೂ, ಗೋಡೆ ಹೋದರೂ ನೆಲ ಇದೆ, ಹಕ್ಕೂ ಇದೆ.

ಎಂಬತ್ತು ತೊಂಬತ್ತರ ದಶಕಗಳಿಂದೀಚೆಗೆ ಮುಂಬೈಯಲ್ಲಿ ಬಿಡಾರದ ಖರ್ಚು ಕೊಡುವ ಇನ್ನೊಬ್ಬ ಬಂದ, ಅವನು ಬಿಲ್ಡರ್. ಹಳೆಯದನ್ನು ಕೆಡವಿ ಗೋಪುರ ಕಟ್ಟುವವರೆಗೆ ನಿವಾಸಿಗಳಿಗೆ ತಿಂಗಳು ತಿಂಗಳು 'ಭಾಡಾ'. ಓದುಗರಲ್ಲಿ ಹಲವರು ಅದನ್ನು ತೆಗೆದುಕೊಂಡಿರುತ್ತೀರಿ, ಕೆಲವರು ಅದು ನಿಂತುಹೋದ ಸಂಕಟವನ್ನೂ ಕಂಡಿರುತ್ತೀರಿ. ಭಾಷೆಯ ದೃಷ್ಟಿಯಿಂದ ಇದು ತಮಾಷೆಯ ಪದ. ಮನೆಯಲ್ಲಿ ಇರುವವನು ಕೊಡುವುದು ಬಾಡಿಗೆ. ಇಲ್ಲಿ ಇರಲಾಗದವನು ಪಡೆಯುತ್ತಾನೆ, ಹೊಳೆ ಹಿಮ್ಮುಖ ಹರಿದಂತೆ. ಹಾಗಾದರೆ ಇದು ಆದಾಯವೇ, ತೆರಿಗೆ ಹಿಡಿಯಬೇಕೇ ಎಂಬ ಪ್ರಶ್ನೆ ಬಾಂಬೆ ಹೈಕೋರ್ಟಿಗೆ ಹೋಯಿತು. 2024ರಲ್ಲಿ ಕೋರ್ಟ್ ಹೆಚ್ಚು ಕಡಿಮೆ ಒಬ್ಬ ನಿಘಂಟುಕಾರನಂತೆ ಯೋಚಿಸಿತು. ಬಾಡಿಗೆ ಎಂದರೆ ಬಾಡಿಗೆದಾರ ಮಾಲೀಕನಿಗೆ ಕೊಡುವ ಹಣ. ಇದಾದರೋ ಮನೆಯಿಂದ ಹೊರಬಿದ್ದವನ ಕಷ್ಟಕ್ಕೆ ಕೊಡುವ ಹಣ. ಆದ್ದರಿಂದ ಇದು ಆದಾಯವಲ್ಲ, ಮೂಲದಲ್ಲಿ ತೆರಿಗೆ ಕಡಿತ ಬೇಕಿಲ್ಲ. ಬಿಲ್ಡರನ ಭಾಡಾದಲ್ಲಿ ಫೈರ್ ಕೋರ್ಟಿನ ಗುಣ ಒಂದಿದೆ: ತಡವಾದಷ್ಟೂ ಅವನ ಕೈ ಸುಡುತ್ತದೆ. ಹಾಗಾಗಿ ದುಡ್ಡಿರುವ ಬಿಲ್ಡರ್ ಬೇಗ ಮುಗಿಸುತ್ತಾನೆ, ದುಡ್ಡಿಲ್ಲದವನು ಮೊದಲು ನಿಲ್ಲಿಸುವುದು ಅದನ್ನೇ.

ಇತ್ತ ನಮ್ಮ ಊರಿನ ಕಡೆ ಸರ್ಕಾರ ಬಾಡಿಗೆ ಕೊಟ್ಟದ್ದು ತೀರ ಈಚೆಗೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ಮನೆ ಕಳೆದುಕೊಂಡವರಿಗೆ ತಿಂಗಳಿಗೆ 10,000 ರೂಪಾಯಿ ಮನೆ ಬಾಡಿಗೆ. 2019ರಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ಉಕ್ಕಿದಾಗ 5,000. ಪರಿಹಾರ ಎಂದರೆ ಶೆಡ್ಡು ಮತ್ತು ಗಂಜಿ ಕೇಂದ್ರ ಎಂಬ ರೂಢಿಯಿಂದ ಇದು ದೊಡ್ಡ ಹೆಜ್ಜೆ. ಆದರೆ ಮುಳುಗಿದ ಹಳ್ಳಿಯಲ್ಲಿ ಬಾಡಿಗೆಗೆ ಸಿಗುವ ಮನೆ ಯಾವುದು? ಎಮ್ಮೆ ಎಲ್ಲಿ ಕಟ್ಟುವುದು? ಬಾಡಿಗೆ ಎಂಬ ಪರಿಹಾರ ಬಾಡಿಗೆ ಮನೆಗಳಿರುವ ಊರಿಗೆ ಹೊಂದುತ್ತದೆ. ನಮ್ಮ ಸೋದರ ಸಂಬಂಧಿಯೊಬ್ಬರು ಆ ವರ್ಷ ದುಡ್ಡು ಪಡೆದು, ಮಕ್ಕಳನ್ನು ತಾಲ್ಲೂಕು ಊರಲ್ಲಿಟ್ಟು, ತಾವು ಹೊಲದಲ್ಲಿ ತಾಡಪತ್ರಿ ಕಟ್ಟಿಕೊಂಡು ದನಗಳ ಜೊತೆ ಇದ್ದರು.

ಇನ್ನು ಪಾಲಿಸಿಯ ಹದಿನೊಂದನೇ ಪುಟ. ನಮ್ಮಲ್ಲಿ ಬೆಂಕಿ ವಿಮೆಯ ದರ, ಷರತ್ತುಗಳನ್ನು ಬಹುಕಾಲ ಟ್ಯಾರಿಫ್ ಸಮಿತಿಯೇ ನಿಗದಿ ಮಾಡುತ್ತಿತ್ತು. ಅದರಲ್ಲಿ ಬದಲಿ ಮನೆಯ ಬಾಡಿಗೆ ಎಂಬುದು ಹೆಚ್ಚಿನ ಪ್ರೀಮಿಯಂ ಕಟ್ಟಿ ಸೇರಿಸಿಕೊಳ್ಳಬೇಕಾದ ಬಾಲಂಗೋಚಿ. ಕೇಳಿ ಸೇರಿಸಿಕೊಂಡವರು ಎಷ್ಟಿದ್ದಾರು! 2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರ ಎಲ್ಲ ಕಂಪನಿಗಳೂ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಮನೆ ಪಾಲಿಸಿ ಮಾರಬೇಕೆಂದು ಕಡ್ಡಾಯ ಮಾಡಿತು. ಅದರಲ್ಲಿ ಬಿಡಾರದ ಬಾಡಿಗೆ ಪಾಲಿಸಿಯ ಒಳಗೇ ಇದೆ, ಬೇರೆ ಕೇಳಬೇಕಿಲ್ಲ. ಮನೆ ವಾಸಯೋಗ್ಯವಲ್ಲ ಎಂದು ಆರ್ಕಿಟೆಕ್ಟ್ ಅಥವಾ ಸ್ಥಳೀಯ ಸಂಸ್ಥೆಯ ಪ್ರಮಾಣಪತ್ರ ಬೇಕು. ದುರಸ್ತಿಗೆ ಬೇಕಾಗುವಷ್ಟು ನ್ಯಾಯವಾದ ಕಾಲದವರೆಗೆ, ಹೆಚ್ಚೆಂದರೆ ಮೂರು ವರ್ಷ ಕೊಡುತ್ತಾರೆ. ನೀವೇ ಬಾಡಿಗೆದಾರರಾಗಿದ್ದರೆ ಹಳೆಯ ಮತ್ತು ಹೊಸ ಬಾಡಿಗೆಯ ವ್ಯತ್ಯಾಸ. ಮೂರು ವರ್ಷ ಎಂಬ ಗಡುವನ್ನು ಓದಿದಾಗ ಲಂಡನ್ ನಗರದ ನಿವೇಶನ ಕಾಯ್ದೆ ನೆನಪಾಯಿತು, ಕಾಕತಾಳೀಯವೇ ಇರಬೇಕು.

ಮನೆ ಪಾಲಿಸಿ ಇದ್ದವರು ಇವತ್ತು ಸಂಜೆ ಅದನ್ನು ತೆಗೆದು ಈ ಸಾಲು ಇದೆಯೇ ನೋಡಿ. ಬ್ಯಾಂಕ್ ಸಾಲದ ಜೊತೆ ಕೊಟ್ಟ ಹಳೆಯ ಪಾಲಿಸಿಗಳಲ್ಲಿ ಎಷ್ಟೋ ಸಲ ಇರುವುದಿಲ್ಲ. ಇದ್ದರೂ ಒಂದು ಮಾತು ತಿಳಿದಿರಲಿ: ಬೆಂಕಿ, ಪ್ರವಾಹ, ಭೂಕಂಪದಂಥ ನಮೂದಿಸಿದ ಘಟನೆಯಿಂದ ಹಾನಿಯಾಗಿದ್ದರೆ ಮಾತ್ರ ಬಾಡಿಗೆ. ಸವೆದು ಸವೆದು ಮನೆ ವಾಸಕ್ಕೆ ಯೋಗ್ಯವಲ್ಲ ಎನಿಸಿದರೆ ಇಲ್ಲ.

ನಮಗೆ ಆದದ್ದು ಅದೇ. ನಾವು ಕ್ಲೇಮ್ ಹಾಕಿದ್ದೆವು. ಸ್ಲ್ಯಾಬಿನೊಳಗಿನ ಕಬ್ಬಿಣ ತುಕ್ಕು ಹಿಡಿದದ್ದು ಸಹಜ ಸವಕಳಿ, ಘಟನೆಯಲ್ಲ ಎಂದು ಎರಡು ಸಾಲಿನ ಉತ್ತರ ಬಂತು. ತುಕ್ಕು ಘಟನೆಯಲ್ಲವೆಂಬುದು ನಿಜ. ಅದಕ್ಕೆ ಮೂವತ್ತು ವರ್ಷ ಹಿಡಿದಿತ್ತು. ನಮ್ಮ ಉಪನಗರ ಸೆಸ್ಸಿನ ಗಡಿಯಾಚೆ, ಆದ್ದರಿಂದ ಆ ಬಾಗಿಲೂ ಇಲ್ಲ. ಬಿಲ್ಡರ್ ಬಂದಿರಲಿಲ್ಲ, ಬರೀ ದುರಸ್ತಿ. ಇಲ್ಲದ ಮನೆಯ ಸಾಲದ ಕಂತು, ಇದ್ದ ಮನೆಯ ಬಾಡಿಗೆ, ದುರಸ್ತಿಯ ವಂತಿಗೆ, ಮೂರೂ ನಮ್ಮದೇ. ಮೂರ್‌ಫೀಲ್ಡ್ಸಿನ ದರ್ಜಿಯ ಹಾಗೆ. ಅಪ್ಪ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾನೆ. ತಿಂಗಳಿಗೆ 17,000ದಂತೆ ಹನ್ನೆರಡು ತಿಂಗಳು, 2,04,000. ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ, 17,000. ಟೆಂಪೊ, ಹೋಗುವಾಗ ಒಮ್ಮೆ ಬರುವಾಗ ಒಮ್ಮೆ, 18,000. ಒಟ್ಟು 2,39,000. ಅದರ ಕೆಳಗೆ 'ಅಕ್ಕನ ಮನಿ, ಎರಡು ತಿಂಗಳು' ಎಂದು ಬರೆದು ಎದುರಿಗೆ ಏನೂ ಬರೆಯದೆ ಬಿಟ್ಟಿದ್ದಾನೆ.

ಅನುವಾದದಲ್ಲಿ ನಾನು 'ಮನೆ ಮತ್ತೆ ವಾಸಯೋಗ್ಯವಾಗುವವರೆಗಿನ ಬಿಡಾರದ ಬಾಡಿಗೆ' ಎಂದು ಬರೆದು ಕಳಿಸಿದೆ. ಮೂರನೇ ದಿನ ಕಡತ ಮರಳಿ ಬಂತು. ಬಿಡಾರ ಎಂಬುದರ ಮೇಲೆ ಹಳದಿ ಗುರುತು, ಪಕ್ಕದಲ್ಲಿ ಟಿಪ್ಪಣಿ: ಆಡುಮಾತು, ದಯವಿಟ್ಟು 'ಪರ್ಯಾಯ ವಸತಿ' ಬಳಸಿ. ಬದಲಾಯಿಸಿ ಕಳಿಸಿದೆ. ಪದಗಳ ಎಣಿಕೆಯಲ್ಲಿ ಒಂದು ಹೆಚ್ಚಾಯಿತು.